ಎಳೆದುಕೊಂಡು ಬರುವ ಕಾಲು

ಸಿನಿಮಾಗೆ ಎಫೆಕ್ಟ್ಸ್ ಕೊಡುವ ನಮಗೆ ಹೆಜ್ಜೆ ಸದ್ದು ದಿನನಿತ್ಯದ ಕೆಲಸ. ಪರದೆಯ ಮೇಲಿನ ಕಾಲು ನೋಡುತ್ತಾ ಮೈಕಿನ ಮುಂದೆ ನಾವೇ ನಡೆಯುತ್ತೇವೆ. ಕುಂಟುವ ಕಾಲಾದರೆ ಜಾಸ್ತಿ ಹೊತ್ತು ಬೇಕು. ಒಂದು ಕಾಲಿನದು ಪೆಟ್ಟು, ಇನ್ನೊಂದರದು ಎಳೆತ. ನಡುವಿನ ಬಿಡುವು ಚೂರು ತಪ್ಪಿದರೂ ನೋಡುವವರು ನಂಬುವುದಿಲ್ಲ. ಕಲಿಯಲು ಬರುವವರಿಗೆ ನಾನು ಮೊದಲು ತೋರಿಸುವುದು ಹಾಲಿವುಡ್ ನಿರ್ದೇಶಕ ಫ್ರೆಡ್ ಜಿನ್ನೆಮನ್ ಅವರ ‘ಆಕ್ಟ್ ಆಫ್ ವಯಲೆನ್ಸ್’. 1948ರ ಕೊನೆಯಲ್ಲಿ ಬಂದ ಕಪ್ಪು ಬಿಳುಪಿನ ಚಿತ್ರ.

ಫ್ರಾಂಕ್ ಎನ್ಲಿ ಎರಡನೇ ಮಹಾಯುದ್ಧದಿಂದ ಮರಳಿದವನು. ಕ್ಯಾಲಿಫೋರ್ನಿಯಾದ ಸಣ್ಣ ಊರಲ್ಲಿ ಮನೆ ಕಟ್ಟುವ ಗುತ್ತಿಗೆದಾರ. ಹೆಂಡತಿ, ಪುಟ್ಟ ಮಗು, ಊರಲ್ಲಿ ಒಳ್ಳೆಯ ಹೆಸರು. ಅವನನ್ನು ಕೊಲ್ಲಲು ಜೋ ಪಾರ್ಕ್‌ಸನ್ ಪಿಸ್ತೂಲು ಹಿಡಿದು ನ್ಯೂಯಾರ್ಕಿನಲ್ಲಿ ಬಸ್ಸು ಹತ್ತುತ್ತಾನೆ. ರಾಬರ್ಟ್ ರಯಾನ್ ಮಾಡಿದ ಪಾತ್ರ ಅದು. ಜೋನ ಒಂದು ಕಾಲು ಊನ. ಅವನು ಬಂದಿಳಿಯುವ ದಿನ ಊರಲ್ಲಿ ಮಡಿದ ಸೈನಿಕರ ನೆನಪಿನ ಮೆರವಣಿಗೆ. ತಾಳಕ್ಕೆ ನಡೆಯುವವರ ನಡುವೆ ತಾಳ ತಪ್ಪಿದ ಕಾಲೊಂದು ರಸ್ತೆ ದಾಟುತ್ತದೆ.

ರಾತ್ರಿ ಫ್ರಾಂಕ್ ಬಾಗಿಲು ಹಾಕಿ, ದೀಪ ಆರಿಸಿ ಕೂರುತ್ತಾನೆ. ಹೊರಗೆ ಆ ಕಾಲು ಮನೆ ಸುತ್ತ ಎಳೆದಾಡುತ್ತದೆ. ಹೆಂಡತಿಗೆ ಏನೂ ಗೊತ್ತಿಲ್ಲ, ನಮಗೂ ಅಷ್ಟೇ. ಈ ಹುಚ್ಚ ಒಮ್ಮೆ ತೊಲಗಿದರೆ ಸಾಕು ಅನ್ನಿಸುತ್ತದೆ, ಅಲ್ವಾ?

ಆಮೇಲೆ ಲಾಸ್ ಏಂಜಲೀಸ್‌ನ ಹೋಟೆಲಿನ ಮೆಟ್ಟಿಲ ಮೇಲೆ ಫ್ರಾಂಕ್ ಹೆಂಡತಿಯ ಮುಂದೆ ಬಾಯಿ ಬಿಡುತ್ತಾನೆ. ಜರ್ಮನರ ಸೆರೆಶಿಬಿರದಲ್ಲಿ ಸಂಗಡಿಗರು ಸುರಂಗ ತೋಡಿದ್ದರು. ಅದನ್ನು ಶತ್ರುಗಳಿಗೆ ತಿಳಿಸಿದವನು ಇವನೇ. ಅವರ ಜೀವ ಉಳಿಸಲು ಹೇಳಿದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡಿದ್ದ. ಜೋ ಒಬ್ಬನನ್ನು ಬಿಟ್ಟು ಅವರೆಲ್ಲ ಸತ್ತರು. ಇವನಿಗೆ ಊಟ ಸಿಕ್ಕಿತು, ಇವನು ತಿಂದ.

ಜಿನ್ನೆಮನ್ ಆ ಶಿಬಿರವನ್ನು ಒಂದು ಸಲವೂ ತೋರಿಸುವುದಿಲ್ಲ. ಅವರ ಸ್ವಂತ ತಂದೆ ತಾಯಿ ನಾಜಿಗಳ ಕೈಯಲ್ಲಿ ಸತ್ತವರು. ತೋರಿಸದೇ ಉಳಿಸಿದ್ದನ್ನು ಕಿವಿಗೆ ಬಿಟ್ಟಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಬೆನ್ನಟ್ಟಿ ಬರುವವನ ಸದ್ದು ಎಂದು ನಾವು ಹೆದರಿದ್ದು ಬದುಕುಳಿದ ಒಬ್ಬನ ಗಾಯದ ಸದ್ದಾಗಿತ್ತು. ಎರಡನೇ ಸಲ ನೋಡುವಾಗ ಆ ಕತ್ತಲ ಮನೆಯ ದೃಶ್ಯದಲ್ಲಿ ನನ್ನ ಕಿವಿ ಹೊರಗಿನವನ ಕಡೆಗೇ ಇತ್ತು.

ಮುಂದೆ ಒಂದು ರಾತ್ರಿ ಫ್ರಾಂಕ್ ಲಾಸ್ ಏಂಜಲೀಸ್‌ನ ಖಾಲಿ ಸುರಂಗದೊಳಗೆ ಓಡುತ್ತಾನೆ. ಹಳೆಯ ದನಿಗಳು ತಲೆಯೊಳಗೆ ಏಳುತ್ತವೆ. ‘ಬೇಡ ಜೋ’ ಎಂದು ಅವನು ಕೂಗುತ್ತಾನೆ. ಕಲಿಯುವವರಿಗೆ ಇಲ್ಲಿ ಚಿತ್ರ ನಿಲ್ಲಿಸುತ್ತೇನೆ. ಕಣ್ಣು ಮುಚ್ಚಿಸಿ ಆ ಸುರಂಗವನ್ನು ಇನ್ನೊಮ್ಮೆ ಕೇಳಿಸುತ್ತೇನೆ.