ಕುರುಬರು ವಾಪಸ್ ಹೋದರು

ಕ್ರಿಸ್‌ಮಸ್ ಮುಗಿದು, ಹೊಸ ವರ್ಷದ ರಾತ್ರಿ ಆರಾಧನೆಯೂ ಆದ ಮೇಲೆ ನಮ್ಮ ಬೀದರ್ ಕಡೆ ಸಭಾಪಾಲಕರ ಮನೆಗೆ ಕೆಲವರು ಬರುತ್ತಾರೆ. ಹೆಚ್ಚಾಗಿ ಹರೆಯದವರು. "ದೇವರು ನನ್ನ ಮುಟ್ಟ್ಯಾರ್ರಿ ಪಾಸ್ಟರ್. ಇನ್ನ ನೌಕ್ರಿ ಮಾಡಂಗಿಲ್ಲ, ಸೇವೆಗೇ ಬರ್ತೀನಿ" ಅನ್ನುತ್ತಾರೆ. ಸೇವೆ ಅಂದರೆ ಕೆಲಸ ಬಿಟ್ಟು ಪೂರ್ತಿಯಾಗಿ ಸಭೆಯ ಕೆಲಸಕ್ಕೆ ಬರುವುದು. ಈ ಹುಡುಗರ ಮೇಲೆ ನನಗೆ ಪ್ರೀತಿ ಇದೆ. ಆ ರಾತ್ರಿ ಅವರಿಗೆ ಆದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಡಿಸೆಂಬರ್ ಪೂರ್ತಿ ಲೂಕನ ಸುವಾರ್ತೆಯ 2ನೇ ಅಧ್ಯಾಯ, ಅಂದರೆ ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದ ಕುರುಬರಿಗೆ ದೇವದೂತನು ಯೇಸು ಹುಟ್ಟಿದ ಸುದ್ದಿ ಹೇಳಿ, ಅವರು ಹೋಗಿ ಕೂಸನ್ನು ನೋಡಿದ ಕಥೆ ಕೇಳಿ, ನಾಟಕದಲ್ಲಿ ಕಂಬಳಿ ಹೊದ್ದು ಕುರುಬನ ಪಾತ್ರ ಮಾಡಿದವರೇ ಜನವರಿಯಲ್ಲಿ ಹೀಗೆ ಬಂದು ನಿಂತರೆ ಬೇಸರ ಆಗುತ್ತದೆ. ಆ ಕಥೆಯ ಕೊನೆಯ ವಚನವನ್ನು ಯಾಕೆ ಓದುವುದಿಲ್ಲ?

20ನೇ ವಚನ. ಕುರುಬರು ತಾವು ಕೇಳಿದ್ದಕ್ಕೂ ನೋಡಿದ್ದಕ್ಕೂ ದೇವರನ್ನು ಕೊಂಡಾಡುತ್ತಾ ಹಿಂದಿರುಗಿ ಹೋದರು. ಹಿಂದಿರುಗಿ ಅಂದರೆ ಎಲ್ಲಿಗೆ? ಕುರಿ ಇದ್ದ ಹೊಲಕ್ಕೇ ಅಲ್ವಾ?

ತಪ್ಪು ಹುಡುಗರದ್ದು ಮಾತ್ರ ಅಲ್ಲ. ನಮ್ಮ ನಾಟಕಗಳ ಪರದೆ ಕೂಸು ಯೇಸು ಮಲಗಿದ ಗೋದಲಿಯ ಮುಂದೆ ಬಿದ್ದುಬಿಡುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಮೂಡಣ ದೇಶದಿಂದ ಬರುವ ಜೋಯಿಸರನ್ನೂ ಅಲ್ಲೇ ತಂದು ನಿಲ್ಲಿಸುತ್ತೇವೆ. ಎಲ್ಲರೂ ಮೊಣಕಾಲೂರಿರುತ್ತಾರೆ, ಚಪ್ಪಾಳೆ ಬೀಳುತ್ತದೆ, ಕೇಕ್ ಹಂಚುತ್ತಾರೆ. ಕುರುಬರು ಎದ್ದು ಕೆಲಸಕ್ಕೆ ಹೋಗುವುದನ್ನು ನಮ್ಮ ಮಕ್ಕಳು ನೋಡಿಯೇ ಇಲ್ಲ.

ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ತನ್ನ ಐಡಿ ಕಾರ್ಡನ್ನು ದಾರ ಸಮೇತ ನನ್ನ ಮೇಜಿನ ಮೇಲೆ ಇಟ್ಟ. ಯೇಸುವಿನ ಹಿಂದೆ ಹೋಗಲು ಪೇತ್ರ ಮೀನಿನ ಬಲೆ ಬಿಟ್ಟನಲ್ಲ, ನಾನು ಇದನ್ನ ಬಿಟ್ಟೆ ಅಂದ. ಆಮೇಲೆ ಅವನ ತಾಯಿ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಮಹಿಳಾ ಸಂಘದ ಸಾಲದ ಪುಸ್ತಕ ತೆಗೆದು, ಕಂತು ಬರೆದಿದ್ದ ಪುಟ ಬಿಡಿಸಿ, "ಇದನ್ನ ಇನ್ನ ಯಾರು ತುಂಬಬೇಕ್ರಿ?" ಅಂದರು. ಅವನ ತಂಗಿಯ ಮದುವೆಗೆ ಎತ್ತಿದ ಸಾಲ ಅದು.

ಪೇತ್ರನ ಮಾತು ಬಂತಲ್ಲ, ಅದನ್ನೂ ನೋಡೋಣ. ಬಲೆ ಬಿಟ್ಟು ಹೋದವರ ಕಥೆ ಬರೆದವನೂ ಇದೇ ಲೂಕ, 5ನೇ ಅಧ್ಯಾಯದಲ್ಲಿ. ಅಲ್ಲಿ ಯೇಸುಸ್ವಾಮಿಯೇ ಸೀಮೋನನಿಗೆ, ಅಂದರೆ ಇದೇ ಪೇತ್ರನಿಗೆ, ಇನ್ನು ಮೇಲೆ ನೀನು ಮನುಷ್ಯರನ್ನು ಹಿಡಿಯುವವನಾಗುವೆ ಅಂದರು. ಸುಂಕದ ಕಟ್ಟೆಯಲ್ಲಿದ್ದ ಲೇವಿಗೂ ನನ್ನ ಹಿಂದೆ ಬಾ ಅಂದರು. ಕುರುಬರಿಗೆ ದೇವದೂತನು ಅಂಥ ಒಂದು ಮಾತೂ ಹೇಳಲಿಲ್ಲ. ಭಯಪಡಬೇಡಿ ಅಂದ, ಸಿಹಿಸುದ್ದಿ ಕೊಟ್ಟ, ಗುರುತು ಹೇಳಿದ. ಬೇತ್ಲೆಹೇಮಿಗೆ ಹೋಗೋಣ ಅಂತ ಮಾತಾಡಿಕೊಂಡವರು ಕುರುಬರೇ. 8ನೇ ಅಧ್ಯಾಯದಲ್ಲಿ ದೆವ್ವ ಬಿಟ್ಟ ಮನುಷ್ಯ, ನಿಮ್ಮ ಜೊತೆಗೇ ಬರ್ತೀನಿ ಅಂತ ಬೇಡಿಕೊಂಡಾಗ ಸ್ವಾಮಿ ಅವನನ್ನು ಮನೆಗೆ ಕಳಿಸಿದರು, ದೇವರು ನಿನಗೆ ಮಾಡಿದ್ದನ್ನು ಅಲ್ಲಿ ಹೇಳು ಅಂದರು. ಬೇಡಿಕೊಂಡವನನ್ನೂ ಕಳಿಸಿದರು. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಯಾಕಂದರೆ ಇದೊಂದೇ ಯಾರ ತಲೆಗೂ ಹತ್ತುತ್ತಿಲ್ಲ. ದೇವರು ಮುಟ್ಟುವುದು ಬೇರೆ, ಇದ್ದ ಕೆಲಸ ಬಿಡಿಸಿ ಕರೆಯುವುದು ಬೇರೆ.

ನಮ್ಮ ಕಡೆ ತೊಗರಿ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ. ಹಿಕ್ಕೆ ಗೊಬ್ಬರ ಆಗಲಿ ಅಂತ ರೈತರೇ ಕರೆಯುತ್ತಾರೆ. ಹಾಗೆ ಊರ ಹೊರಗೆ ಇಳಿದಿದ್ದ ಹಿರಿಯ ಕುರುಬರೊಬ್ಬರಿಗೆ ಒಮ್ಮೆ ಈ ಕಥೆ ಓದಿ ಹೇಳಿದೆ. ಅವರು ಕ್ರೈಸ್ತರಲ್ಲ. ದೇವದೂತರ ಬಗ್ಗೆ ಏನೂ ಕೇಳಲಿಲ್ಲ. ಕೈಯಲ್ಲಿದ್ದ ಬಡಿಗೆ ನೆಲಕ್ಕೆ ಊರಿ, "ಕುರಿ ಹತ್ರ ಯಾರ ಉಳದ್ರು?" ಅಂದರು. ಲೂಕ ಬರೆದಿಲ್ಲ ಅಂದೆ. "ಎಲ್ಲಾರೂ ಹೋದ್ರ ತೋಳ ಬಿಡ್ತದೇನ್ರಿ? ಒಬ್ಬಾವರ ಉಳದಿರಬೇಕು. ಇಲ್ಲಂದ್ರ ಲಗೂನ ಹೊಳ್ಳಿ ಬಂದಿರಬೇಕು."

ಆ ಪ್ರಶ್ನೆ ನನ್ನನ್ನು ದಾವೀದನ ಹತ್ತಿರ ಕರೆದುಕೊಂಡು ಹೋಯಿತು. ಅವನದ್ದೂ ಅದೇ ಬೇತ್ಲೆಹೇಮ್. ಪ್ರವಾದಿ ಸಮುವೇಲನು ಎಣ್ಣೆ ಹೊಯ್ದು ಅವನನ್ನು ಮುಂದಿನ ಅರಸನಾಗಿ ಅಭಿಷೇಕ ಮಾಡಿ ಹೋದ ಮೇಲೆ ಅರಸ ಸೌಲನ ಆಳುಗಳು ಬಂದು ಅವನ ತಂದೆಯನ್ನು ಕೇಳಿದ್ದು, ಕುರಿಗಳ ಹತ್ತಿರ ಇರುವ ನಿನ್ನ ಮಗನನ್ನು ಕಳಿಸು ಅಂತ. ಅಭಿಷೇಕ ಆದವನು ಇನ್ನೂ ಕುರಿಗಳ ಹತ್ತಿರವೇ ಇದ್ದ! ಆಮೇಲೆ ಅಣ್ಣಂದಿರಿಗೆ ಬುತ್ತಿ ತೆಗೆದುಕೊಂಡು ಯುದ್ಧದ ಕಡೆ ಹೊರಟ ಬೆಳಿಗ್ಗೆಯೂ ಕುರಿಗಳನ್ನು ಒಬ್ಬ ಕಾವಲುಗಾರನಿಗೆ ಒಪ್ಪಿಸಿ ಹೋದ ಅಂತ 1 ಸಮುವೇಲ 17ರಲ್ಲಿದೆ. ಗೊಲ್ಯಾತನ ಕಥೆಯ ಗದ್ದಲದಲ್ಲಿ ಈ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಬಹಳ ಇಷ್ಟದ ಸಾಲು ಅದು.

ರಾತ್ರಿ ಪಾಳಿಯ ನರ್ಸ್ ಒಬ್ಬರು, ಶುಕ್ರವಾರದ ಪ್ರಾರ್ಥನೆ ತಪ್ಪುತ್ತಿದೆ, ಕೆಲಸ ಬಿಡಲೇನ್ರಿ ಅಂತ ಅಳುತ್ತಾ ಕೇಳಿದ್ದರು. ದೂತನು ಬಂದದ್ದೇ ರಾತ್ರಿ ಡ್ಯೂಟಿಯಲ್ಲಿದ್ದವರ ಹತ್ತಿರ ಅಲ್ವಾ ತಂಗೀ ಅಂದೆ. ಅವರ ಆ ವಾರ್ಡಿನಲ್ಲಿ ಪ್ರಾರ್ಥನೆ ಬೇಕಾದವರು ನಮ್ಮ ಸಭೆಯಲ್ಲಿರುವವರಿಗಿಂತ ಜಾಸ್ತಿ.

ಇದು ಎಲ್ಲರಿಗೂ ಒಂದೇ ನಿಯಮ ಅಂತಲ್ಲ. ಪೂರ್ಣ ಸೇವೆಗೆ ದೇವರು ಕರೆಯುತ್ತಾರೆ, ನನ್ನನ್ನೂ ಕರೆದರು. ಯಾರದ್ದು ನಿಜವಾದ ಕರೆ ಅಂತ ಒಂದೇ ಭೇಟಿಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಒಂದು ವರ್ಷ ಕಾಯಿರಿ ಅನ್ನುತ್ತೇನೆ. ಆ ವರ್ಷ ಸಂಬಳ ಮನೆಗೆ ಬರಲಿ, ಕಂತು ತುಂಬಲಿ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ. ಹಳ್ಳಿಯ ಸಂಜೆ ಪ್ರಾರ್ಥನೆಗೆ ಬನ್ನಿ, ಕಾಯಿಲೆಯವರನ್ನು ನೋಡಿ ಬನ್ನಿ. ಕುರುಬರೂ ತಾವು ಕೇಳಿದ್ದನ್ನು ಜನರಿಗೆ ಹೇಳಿಯೇ ಹೋದರು, ಅದಕ್ಕೆ ಅವರಿಗೆ ಯಾರ ನೇಮಕ ಪತ್ರವೂ ಬೇಕಾಗಲಿಲ್ಲ. ವರ್ಷದ ನಂತರವೂ ಕರೆ ಹಾಗೇ ಇದ್ದರೆ ಕೂತು ಮಾತಾಡೋಣ. ಬರುವಾಗ ಹೆಂಡತಿಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಬನ್ನಿ, ರಾಜೀನಾಮೆ ಪತ್ರ ಕೊಡುವ ಮೊದಲೇ ಬನ್ನಿ.