ಫ್ಲಾಟ್‌ನಲ್ಲಿ 100 ಕಿ.ಮೀ. ಆರಾಮ್, ಘಾಟಿ ಬಂದ್ರೆ ಮಾತ್ರ ಕಾಲು ಯಾಕೆ ಕೈ ಕೊಡುತ್ತೆ?

ಓದುಗರ ಪ್ರಶ್ನೆ: ಗ್ರೂಪ್ ಜೊತೆ ವಾರಕ್ಕೊಂದ್ಸಲ 80-100 ಕಿ.ಮೀ. ಸೈಕಲ್ ಹೊಡಿತೀನಿ, ಅಂಥ ಸುಸ್ತೇನೂ ಆಗಲ್ಲ. ಉಡುಪಿಯಿಂದ ಆಗುಂಬೆ ಹತ್ತಿ ತೀರ್ಥಹಳ್ಳಿವರೆಗೆ ಹೋಗಿ ವಾಪಸ್ ಬರೋ ಪ್ಲಾನ್ ಇದೆ. ಆದ್ರೆ ಏರು ಅಂದ್ರೆ ಭಯ, ಸಣ್ಣ ಏರಲ್ಲೇ ಇಳಿದು ತಳ್ತೀನಿ. ಇನ್ನೂ ಎಷ್ಟು ಪ್ರಾಕ್ಟೀಸ್ ಬೇಕು?

ಉತ್ತರ: ವಾರಕ್ಕೆ 100 ಕಿ.ಮೀ. ಹೊಡಿಯೋರಿಗೆ ಪ್ರಾಕ್ಟೀಸ್ ಅಷ್ಟೊಂದು ಕಮ್ಮಿ ಇರಲ್ಲ. ಮೊದಲು ಎರಡು ವಿಷಯ ನೋಡಿ, ನಿಮ್ಮ ಸೈಕಲ್ಲಿನ ಗೇರು, ಮತ್ತೆ ಘಾಟಿ ಬುಡ ಮುಟ್ಟೋವರೆಗೆ ನೀವು ಎಷ್ಟು ಜೋರಾಗಿ ಬಂದ್ರಿ ಅನ್ನೋದು.

ಫ್ಲಾಟ್ ರೋಡಲ್ಲಿ ನಮ್ಮನ್ನ ತಡೆಯೋದು ಮುಖ್ಯವಾಗಿ ಗಾಳಿ, ಗ್ರೂಪಲ್ಲಿ ಹೋಗುವಾಗ ಮುಂದಿರೋರು ಆ ಗಾಳಿನ ಸೀಳ್ಕೊಂಡು ಹೋಗ್ತಾರೆ, ಹಿಂದಿರೋರು ಅರ್ಧ ಪುಕ್ಕಟೆ ಓಡ್ತಾರೆ. ಏರಲ್ಲಿ ಸ್ಪೀಡ್ 8 ಕಿ.ಮೀ.ಗೆ ಇಳಿದ್ಮೇಲೆ ಗಾಳಿ ಲೆಕ್ಕಕ್ಕೇ ಬರಲ್ಲ, ನಿಮ್ಮ ತೂಕ, ಸೈಕಲ್ ತೂಕ, ಬ್ಯಾಗು, ನೀರಿನ ಬಾಟಲಿ ಎಲ್ಲಾನೂ ನೀವೇ ಮೇಲಕ್ಕೆ ಎತ್ತಬೇಕು, ಯಾರ ಹಿಂದೆ ಹೋದ್ರೂ ಉಪಯೋಗ ಇಲ್ಲ. ಗ್ರೂಪ್ ರೈಡಿನ 100 ಕಿ.ಮೀ. ನೋಡಿ ಘಾಟಿ ಅಂದಾಜು ಮಾಡಿದ್ರೆ ತಪ್ಪೋದು ಇದಕ್ಕೇ.

ಈಗ ಗೇರಿನ ಲೆಕ್ಕ, ಇದು ಸ್ವಲ್ಪ ಉದ್ದ ಆಗುತ್ತೆ ಆದ್ರೂ ಓದಿ. ಸೋಮೇಶ್ವರದಿಂದ ಮೇಲೆ ಆಗುಂಬೆ ಘಾಟಿ ಏಳೆಂಟು ಕಿ.ಮೀ. ಒಳಗೆ 500 ಮೀಟರಿಗೂ ಜಾಸ್ತಿ ಏರುತ್ತೆ, 14 ಹೇರ್‌ಪಿನ್ ತಿರುವು, ಅಂದ್ರೆ ಸರಾಸರಿ 7 ಪರ್ಸೆಂಟ್ ಆಸುಪಾಸು, 100 ಮೀಟರ್ ಹೋದ್ರೆ 7 ಮೀಟರ್ ಮೇಲಕ್ಕೆ. ನಿಮ್ಮ ತೂಕ 75 ಕೆ.ಜಿ., ಸೈಕಲ್ ಸಾಮಾನು ಸೇರಿ 12 ಕೆ.ಜಿ. ಅಂತಿಟ್ಕೊಳ್ಳಿ. ಒಂದು ಗಂಟೆ ಬಿಡದೆ 150 ವಾಟ್ ತುಳಿದ್ರೆ ಆ ಏರಲ್ಲಿ ಗಂಟೆಗೆ ಸುಮಾರು 8 ಕಿ.ಮೀ. ಹೋಗ್ತೀರ, ಅಷ್ಟೇ. ಮುಂದಿನ ಚಕ್ರದಲ್ಲಿ (ಪೆಡಲ್ ಹತ್ರದ್ದು, ಚೈನ್ ಕೂರೋದು) 39 ಹಲ್ಲು, ಹಿಂದಿನದ್ರಲ್ಲಿ 25 ಹಲ್ಲಿನ ಹಳೇ ರೋಡ್ ಬೈಕ್ ಆದ್ರೆ ಆ ಸ್ಪೀಡಿಗೆ ನಿಮಿಷಕ್ಕೆ 40 ಸುತ್ತು ಮಾತ್ರ ಪೆಡಲ್ ತಿರುಗುತ್ತೆ, ಪ್ರತಿ ಸುತ್ತಿಗೂ ಮೈ ಭಾರ ಎಲ್ಲಾ ಹಾಕಿ ಒತ್ತಬೇಕು, ಮೂರನೇ ತಿರುವು ಬರೋದ್ರೊಳಗೆ ತೊಡೆ ಹಿಡ್ಕೊಳ್ಳುತ್ತೆ. ಅದೇ ಮುಂದೆ 34 ಹಿಂದೆ 32 ಇದ್ರೆ 60 ಸುತ್ತು ಸಿಗುತ್ತೆ, ಕಾಲು ಉಳಿಯುತ್ತೆ. ಮುಂದೆ 28 ಹಿಂದೆ 34 ಇರೋ ಹೈಬ್ರಿಡ್ ಇದ್ರಂತೂ ಇನ್ನೂ ಹಗುರ, ಘಾಟಿಗೆ ರೋಡ್ ಬೈಕೇ ಬೇಕು ಅಂತ ಹೇಳೋರ ಮಾತು ಕೇಳ್ಬೇಡಿ. ಹಿಂದಿನ ಕ್ಯಾಸೆಟ್ (ಹಿಂದಿನ ಹಲ್ಲು ಚಕ್ರಗಳ ಸೆಟ್ಟು) ಮಾತ್ರ ದೊಡ್ಡದು ಹಾಕಿಸೋದಾದ್ರೆ ನಿಮ್ಮ ಡಿರೇಲರ್ (ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಭಾಗ) ಅಷ್ಟು ಹಲ್ಲು ತಡ್ಕೊಳ್ಳುತ್ತಾ, ಚೈನ್ ಉದ್ದ ಸಾಕಾಗುತ್ತಾ ಅಂತ ಮೆಕ್ಯಾನಿಕ್ ಹತ್ರ ಕೇಳಿ. ದುಡ್ಡು ಖರ್ಚು ಮಾಡೋದೇ ಆದ್ರೆ ಕಾರ್ಬನ್ ಬಾಟಲ್ ಸ್ಟ್ಯಾಂಡಿಗಿಂತ ಇದಕ್ಕೆ ಮಾಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎರಡನೇದು ಘಾಟಿಗೆ ಮುಂಚಿನ ದಾರಿ. ಮಣಿಪಾಲ, ಪರ್ಕಳ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಅಲ್ಲಿಂದ ಸೋಮೇಶ್ವರ, 40 ಕಿ.ಮೀ. ಚಿಲ್ಲರೆ. ಇದು ಫ್ಲಾಟ್ ರೋಡ್ ಏನಲ್ಲ, ಉದ್ದಕ್ಕೂ ಹತ್ತಿಳಿ ಹತ್ತಿಳಿ, ಬೆಳಿಗ್ಗೆ ತಂಪಲ್ಲಿ ಹುಮ್ಮಸ್ಸು ಬೇರೆ ಇರುತ್ತೆ, ಪ್ರತಿ ಸಣ್ಣ ಏರಲ್ಲೂ ಎದ್ದು ನಿಂತು ಪಕ್ಕದವ್ರ ಜೊತೆ ಪೈಪೋಟಿಗೆ ಬಿದ್ರೆ ಸೋಮೇಶ್ವರದಲ್ಲೇ ಕಾಲು ಖಾಲಿ. ಪೂರ್ತಿ ವಾಕ್ಯ ಮಾತಾಡೋಕಾಗೋಷ್ಟು ನಿಧಾನ ಬನ್ನಿ. ಉಡುಪಿಯಿಂದ ಐದು ಗಂಟೆಗೆ ಹೊರಟ್ರೆ ಏಳು, ಏಳೂವರೆಗೆ ಘಾಟಿ ಬುಡ, ಕರಾವಳಿಯ ಸೆಕೆ ಏರೋಕೆ ಮುಂಚೆ ಕಾಡಿನ ನೆರಳಿಗೆ ಬಂದಿರ್ತೀರ.

ತಿನ್ನೋದನ್ನೂ ಘಾಟಿಲಿ ಶುರು ಮಾಡಿದ್ರೆ ಲೇಟ್. ಹೆಬ್ರಿ ಒಳಗೇ ಗಂಟೆಗೊಂದ್ಸಲ ಬಾಳೆಹಣ್ಣು, ಚಿಕ್ಕಿ, ಖರ್ಜೂರ ಏನಾದ್ರೂ ಹಾಕ್ಕೊಳ್ತಾ ಬನ್ನಿ, ಎರಡು ಬನ್ಸ್ ತಿಂದ್ರೂ ಆಯ್ತು, ಆದ್ರೆ ಹೊಟ್ಟೆ ತುಂಬ ತಿಂದು ತಕ್ಷಣ ಏರಿಗೆ ಇಳಿಬೇಡಿ. ಒಂದು ಬಾಟಲಿಯಲ್ಲಿ ಒಆರ್‌ಎಸ್ ಇರ್ಲಿ, ಇಲ್ಲಿ ಬೆವರು ಸುರಿಯುತ್ತೆ. ಘಾಟಿಲಿ ಮಂಗಗಳಿವೆ, ಬಾಳೆಹಣ್ಣು ಕಾಣೋ ಹಾಗೆ ಕಟ್ಕೋಬೇಡಿ.

ಇನ್ನು ತಿರುವುಗಳು. ನಾವು ಎಡಕ್ಕೆ ಹೋಗೋದ್ರಿಂದ ಎಡ ಹೇರ್‌ಪಿನ್‌ನಲ್ಲಿ ಒಳಗಡೆ ಸಿಗ್ತೀವಿ, ಅಲ್ಲಿ ರೋಡು ಗೋಡೆ ಥರ ಕಡಿದಾಗಿರುತ್ತೆ, ಬಲ ತಿರುವಲ್ಲಿ ಹೊರಗಡೆ ಇರ್ತೀವಿ, ಅಲ್ಲಿ ಕಾಲಿಗೆ ಸ್ವಲ್ಪ ಬಿಡುವು. ಎಡ ತಿರುವು ಕಾಣ್ತಿದ್ದಂಗೇ ಗೇರ್ ಇಳಿಸಿ, ತಿರುವಿನ ನಡುವೆ ಜೋರಾಗಿ ಒತ್ತುತ್ತಾ ಗೇರ್ ಬದಲಾಯಿಸಿದ್ರೆ ಚೈನ್ ಕಳಚುತ್ತೆ. ದೊಡ್ಡ ಬಸ್ಸು ಲಾರಿ ಈ ಘಾಟಿಲಿ ಓಡಲ್ಲ ಅನ್ನೋದು ನಮಗೆ ವರ. ಕಾರು, ಮಿನಿ ಬಸ್ಸು ಬರ್ತಾವೆ, ತಿರುವಲ್ಲಿ ಹಾರ್ನ್ ಕೇಳಿದ್ರೆ ನಿಂತು ದಾರಿ ಬಿಡಿ. ತೀರಾ ಆಗ್ಲಿಲ್ವಾ, ಇಳಿದು ತಳ್ಳಿ, ಅದ್ರಲ್ಲಿ ನಾಚಿಕೆ ಏನೂ ಇಲ್ಲ. 200 ಕಿ.ಮೀ. ಬ್ರೆವೆಗೇ (ಗೊತ್ತಾದ ಟೈಮಲ್ಲಿ ಮುಗಿಸಬೇಕಾದ ಲಾಂಗ್ ರೈಡ್, ರೇಸ್ ಅಲ್ಲ) 13 ಗಂಟೆ 30 ನಿಮಿಷ ಟೈಮ್ ಕೊಡ್ತಾರೆ, ಸರಾಸರಿ 15 ಕಿ.ಮೀ. ಸಾಕು, ಘಾಟಿಲಿ ಕಳೆದ ಅರ್ಧ ಗಂಟೆನ ಆಮೇಲೆ ವಾಪಸ್ ಗಳಿಸಬಹುದು.

ಪ್ರಾಕ್ಟೀಸ್ ಬೇಕೇ ಬೇಕು ಅಂದ್ರೆ ವಾರಕ್ಕೆ ಎರಡು ದಿನ ನಸುಕಲ್ಲಿ ಉಡುಪಿಯಿಂದ ಮಣಿಪಾಲದ ಏರನ್ನೇ ಮತ್ತೆ ಮತ್ತೆ ಕೂತ್ಕೊಂಡೇ ಹತ್ತಿ, ಒಬ್ರೇ.

ಮಳೆಗಾಲದಲ್ಲಿ ಮಾತ್ರ ಬೇಡ. ವರ್ಷಕ್ಕೆ 7000 ಮಿ.ಮೀ. ಮಳೆ ಬೀಳೋ ಜಾಗ, ಗುಡ್ಡ ಕುಸಿಯುತ್ತೆ, ಮಂಜಲ್ಲಿ ಕಾರಿನವ್ರಿಗೆ ನೀವು ಕಾಣಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು.

ವಾಪಸ್ ಇಳಿಯೋದನ್ನ ಹಗುರವಾಗಿ ತಗೋಬೇಡಿ. 120 ಕಿ.ಮೀ. ಹತ್ತಿರ ಓಡಿದ ಕೈಗೆ ಬ್ರೇಕ್ ಹಿಡಿಯೋ ಶಕ್ತಿ ಕಮ್ಮಿ ಇರುತ್ತೆ, ಒಂದೇ ಸಮ ಹಿಡ್ಕೊಂಡೇ ಇದ್ರೆ ರಿಮ್ ಕಾದು ಟ್ಯೂಬೇ ಸಿಡಿಯಬಹುದು, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಿ, ಮತ್ತೆ ಹಿಡಿದು ಬಿಡಿ. ಸಂಜೆ ಸನ್‌ಸೆಟ್ ಪಾಯಿಂಟ್‌ಗೆ ಬಂದ ಕಾರುಗಳೆಲ್ಲ ಕತ್ತಲಾಗ್ತಿದ್ದಂಗೆ ಒಟ್ಟಿಗೆ ಇಳಿಯೋಕೆ ಶುರು ಮಾಡ್ತಾವೆ, ಅದಕ್ಕೆ ಮುಂಚೆ ನೀವು ಸೋಮೇಶ್ವರ ಸೇರಿರ್ಬೇಕು, ಹಾಗಾಗಿ ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಮಧ್ಯಾಹ್ನ ಒಂದು ಗಂಟೆಗೆಲ್ಲ ಹೊರಟ್ಬಿಡಿ.