ಓಬವ್ವನ ಊರಿನಲ್ಲಿ ‘ಚುಡಾಯಿಸುವುದು’ ಎಂಬ ಪದ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ದಾಟಬೇಕಾದರೆ ಬಗ್ಗಿ, ಮೈಯನ್ನು ಹಿಡಿಮಾಡಿಕೊಂಡು, ಒಬ್ಬೊಬ್ಬರಾಗಿಯೇ ನುಸುಳಬೇಕು. ಕಳೆದ ಚಳಿಗಾಲದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಹುಡುಗಿಯರ ಸಾಲೊಂದು ಹಾಗೆ ನುಸುಳುತ್ತಿತ್ತು. ಗೈಡ್ ಒನಕೆಯ ಕಥೆ ಹೇಳುತ್ತಿದ್ದರು. ಪಕ್ಕದ ಬಂಡೆಯ ಮೇಲೆ ಕುಳಿತಿದ್ದ ನಾಲ್ಕೈದು ಯುವಕರಲ್ಲಿ ಒಬ್ಬ ‘ಬುಲ್‌ಬುಲ್’ ಎಂದು ಕೂಗಿದ, ಉಳಿದವರು ನಕ್ಕರು. ಆಗಷ್ಟೇ ಹೊರಬಂದ ಹುಡುಗಿ ಎರಡೂ ಜಡೆಗಳನ್ನು ಮುಂದಕ್ಕೆ ಎಳೆದುಕೊಂಡು ನೆಲ ನೋಡುತ್ತಾ ನಡೆದಳು. ‘ಅತ್ತ ನೋಡಬೇಡಿ, ಬೇಗ ಬನ್ನಿ’ ಎಂದರು ಜೊತೆಗಿದ್ದ ಮೇಡಂ. ಗೈಡ್ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು.

ಆ ಕೂಗು ಎಲ್ಲಿಂದ ಬಂತು ಎಂಬುದು ಈ ಭಾಗದವರಿಗೆಲ್ಲ ಗೊತ್ತು. 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಇದೇ ಊರಿನ ಕಥೆ, ಇದೇ ಬಂಡೆಗಳ ನಡುವೆ ಚಿತ್ರೀಕರಣಗೊಂಡದ್ದು. ಜಯಂತಿ ಅವರ ಓಬವ್ವ ಒನಕೆ ಎತ್ತಿದ್ದು ಆ ಚಿತ್ರದಲ್ಲಿ. ಅಲಮೇಲು ಎಂಬ ಹುಡುಗಿಯನ್ನು ಜಲೀಲ ಬುಲ್‌ಬುಲ್ ಎಂದು ಕರೆದು ಕಾಡಿದ್ದೂ ಅದೇ ಚಿತ್ರದಲ್ಲಿ. ಚಿತ್ರದ ಮಟ್ಟಿಗೆ ಜಲೀಲ ಕೆಟ್ಟವನೇ, ನಾಯಕನಿಂದ ಏಟು ತಿನ್ನುವವನೇ. ಆದರೆ ಜನರ ಬಾಯಲ್ಲಿ ಉಳಿದದ್ದು ಏಟಲ್ಲ, ಅವನ ಮಾತು. ಅದು ಆರ್ಕೆಸ್ಟ್ರಾ ವೇದಿಕೆಗಳ ಮಿಮಿಕ್ರಿಯಾಯಿತು, ಆಟೊಗಳ ಬೆನ್ನ ಮೇಲಿನ ಬರಹವಾಯಿತು, 2013ರಲ್ಲಿ ಇನ್ನೊಂದು ಚಿತ್ರದ ಹೆಸರೂ ಆಯಿತು. ಕಾಡಿಸುವವನ ಮಾತನ್ನು ಮೂರು ತಲೆಮಾರು ಮುದ್ದಿನಿಂದ ಒಪ್ಪಿಸಿಕೊಂಡು ಬಂದಿದೆ. ಆ ಕ್ಷಣದಲ್ಲಿ ಅಲಮೇಲು ಏನು ಹೇಳಿದಳು ಎಂದು ಕೇಳಿ ನೋಡಿ, ಯಾರಿಗೂ ನೆನಪಿರುವುದಿಲ್ಲ. ಅವಳನ್ನು ಕಾಪಾಡಲು ಅಣ್ಣ ಗೆಳೆಯನ ಮೊರೆಹೋಗುತ್ತಾನೆ, ತಂಗಿಯನ್ನು ಮದುವೆ ಮಾಡಿಕೊಡುವ ಮಾತೂ ಅದರ ಬೆನ್ನಿಗೇ ಬರುತ್ತದೆ. ರಕ್ಷಣೆಯ ಬೆಲೆಯಾಗಿ ಹುಡುಗಿಯೇ ಕೈ ಬದಲಾಗುವ ಈ ಲೆಕ್ಕ ನನ್ನನ್ನು ಆ ಚಿತ್ರ ನೋಡಿದಾಗಲೆಲ್ಲ ಚುಚ್ಚುತ್ತದೆ.

ಓಬವ್ವನನ್ನಾದರೂ ನಾವು ಹೇಗೆ ನೆನೆಯುತ್ತೇವೆ? ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬರುತ್ತಿದ್ದಾಗ ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದ, ಅವನ ಊಟ ಕೆಡಿಸಬಾರದೆಂದು ಅವಳೇ ಒನಕೆ ಹಿಡಿದಳು ಎಂದು ಕಥೆ ಹೇಳುವವರು ತಪ್ಪದೆ ಸೇರಿಸುತ್ತಾರೆ. ಒಬ್ಬಳೇ ನಿಂತು ಒಂದು ಪಡೆಯನ್ನು ತಡೆದವಳ ಸಾಹಸವೂ ಕೊನೆಗೆ ಪತಿಭಕ್ತಿಯ ಲೆಕ್ಕಕ್ಕೆ ಜಮೆಯಾಗುತ್ತದೆ. ಅವಳನ್ನು ಹೊಗಳುವಾಗ ‘ಗಂಡೆದೆಯ ಹೆಣ್ಣು’ ಎನ್ನುತ್ತೇವೆ. ಅವಳ ಜಿಲ್ಲೆಯನ್ನು ಭಾಷಣಗಳಲ್ಲಿ ‘ಗಂಡುಮೆಟ್ಟಿದ ನಾಡು’ ಎಂದು ಕರೆಯುತ್ತೇವೆ. ಅದೇ ಎದೆಗಾರಿಕೆಯನ್ನು ಪಕ್ಕದ ಮನೆಯ ಹುಡುಗಿ ತೋರಿದರೆ ಅವಳು ‘ಗಂಡುಬೀರಿ’. ಗಂಡಸನ್ನು ಹೀಯಾಳಿಸಬೇಕಾದರೆ ‘ಕೈಗೆ ಬಳೆ ತೊಟ್ಟುಕೋ’ ಎನ್ನುತ್ತೇವೆ. ಒನಕೆ ಎತ್ತಿದ ಕೈಯಲ್ಲಿ ಬಳೆಯಲ್ಲದೆ ಮತ್ತೇನಿತ್ತು? ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಅಂಥದ್ದೊಂದು ಸಮಾರಂಭದಲ್ಲಿ ಪೂರ್ಣಕುಂಭ ಹೊತ್ತವರು, ರಂಗೋಲಿ ಬಿಡಿಸಿದವರು, ಪ್ರಾರ್ಥನೆ ಹಾಡಿದವರು ಹೆಣ್ಣುಮಕ್ಕಳು. ವೇದಿಕೆಯ ಮುಂದಿನ ಸಾಲಿನ ಕುರ್ಚಿಗಳಲ್ಲಿ ಇದ್ದವರೆಲ್ಲ ಗಂಡಸರು.

ಸಿನಿಮಾಕ್ಕಿಂತ ಮೊದಲು ಇಲ್ಲಿನವರ ಕಣ್ಣು ತುಂಬಿದ್ದು ಕಂಪನಿ ನಾಟಕ. ಮೊದಮೊದಲು ಹೆಣ್ಣಿನ ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದರು. ಹೆಣ್ಣು ಹೇಗೆ ನಡೆಯಬೇಕು, ಹೇಗೆ ನಾಚಬೇಕು ಎಂಬ ಅಚ್ಚು ಗಂಡಿನ ಕಲ್ಪನೆಯಲ್ಲೇ ತಯಾರಾಯಿತು. ಮುಂದೆ ಬಂದ ನಟಿಯರೂ ಆ ಅಚ್ಚಿಗೇ ಇಳಿಯಬೇಕಾಯಿತು. ರಂಗದ ಮೇಲೆ ಅವರಿಗೆ ಚಪ್ಪಾಳೆ. ರಂಗದಿಂದ ಇಳಿದರೆ ‘ನಾಟಕದವಳು’ ಎಂಬ ಕೊಂಕು ನುಡಿ, ಬಾಡಿಗೆಗೆ ಮನೆ ಕೊಡಲು ಹಿಂಜರಿಕೆ. ದಾವಣಗೆರೆಯ ಚಿಂದೋಡಿ ಲೀಲಾ ಬೆಳೆದದ್ದು ಇಂಥ ಲೋಕದಲ್ಲಿ. ನಟಿಯಾಗಿ ನಿಲ್ಲದೆ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೊಣೆಯನ್ನೂ ಹೊತ್ತು ಊರೂರು ತಿರುಗಿಸಿದರು. 1988ರಲ್ಲಿ ಪದ್ಮಶ್ರೀ ಪಡೆದರು, ನಾಟಕ ಅಕಾಡೆಮಿಯ ಅಧ್ಯಕ್ಷೆಯೂ ಆದರು. ಒಬ್ಬ ಹೆಣ್ಣುಮಗಳು ಮಾಲೀಕಳಾಗಿ ಟೆಂಟು, ಲಾರಿ, ಕಲಾವಿದರ ಸಂಬಳ ಎಲ್ಲವನ್ನೂ ನಿಭಾಯಿಸಿದ್ದು ನನ್ನ ಪಾಲಿಗೆ ಒನಕೆಯ ಕಥೆಗಿಂತ ಸಣ್ಣದಲ್ಲ. ಇಷ್ಟಾದರೂ ದುಗ್ಗಮ್ಮನ ಜಾತ್ರೆಗೆ ಬಂದು ಬಿಡಾರ ಹೂಡುವ ನಾಟಕಗಳಲ್ಲಿ ದ್ವಂದ್ವಾರ್ಥದ ಹಾಸ್ಯಕ್ಕೆ ಗುರಿಯಾಗುವವಳು ಈಗಲೂ ಹೆಣ್ಣೇ. ಎರಡು ವರ್ಷಕ್ಕೊಮ್ಮೆ ದೇವಿಗೆ ಉಡಿ ತುಂಬಿ ಕೈಮುಗಿದ ಜನ ರಾತ್ರಿ ಆ ಮಾತುಗಳಿಗೆ ಶಿಳ್ಳೆ ಹಾಕುತ್ತಾರೆ.

ಇನ್ನು ಪದಗಳ ವಿಷಯ. ಅಕ್ಕ ತಮ್ಮಂದಿರ ಕೀಟಲೆಗೂ, ಬಸ್ ನಿಲ್ದಾಣದಲ್ಲಿ ಹುಡುಗಿಯ ದಾರಿ ಅಡ್ಡಗಟ್ಟುವುದಕ್ಕೂ ನಮ್ಮಲ್ಲಿ ‘ಚುಡಾಯಿಸುವುದು’ ಎಂಬ ಒಂದೇ ಪದ. ಪತ್ರಿಕೆಯ ಜಿಲ್ಲಾ ಪುಟಕ್ಕೆ ವರದಿ ಬರೆಯುತ್ತಿದ್ದ ವರ್ಷಗಳಲ್ಲಿ ನಾನೂ ಅದನ್ನೇ ಬರೆದಿದ್ದೇನೆ. ಇನ್ನೂ ಗಂಭೀರವಾದುದಕ್ಕೆ ‘ಮಾನಭಂಗ’ ಎನ್ನುತ್ತಿದ್ದೆವು. 1860ರ ಭಾರತೀಯ ದಂಡ ಸಂಹಿತೆ ಇಂಥ ಅಪರಾಧವನ್ನು ಹೆಣ್ಣಿನ ಮರ್ಯಾದೆಗೆ, ಲಜ್ಜೆಗೆ ಬಂದ ಕುಂದು ಎಂದೇ ಕಂಡಿತ್ತು. ಅಪರಾಧ ಮಾಡಿದವನು ಅವನು, ಮಾನ ಹೋದದ್ದು ಮಾತ್ರ ಅವಳದು! ಕನ್ನಡದ ಆ ಪದ ಈ ಅನ್ಯಾಯವನ್ನು ತನ್ನ ಹೊಟ್ಟೆಯಲ್ಲೇ ಹೊತ್ತುಕೊಂಡಿದೆ.

ಚಿತ್ರಣಕ್ಕೆ ಸಂಬಂಧಿಸಿದ ಕಾನೂನು ಬಂದದ್ದು ತಡವಾಗಿ. ಜಾಹೀರಾತು, ಪುಸ್ತಕ, ಚಿತ್ರಗಳಲ್ಲಿ ಮಹಿಳೆಯರ ಅಸಭ್ಯ ನಿರೂಪಣೆಯನ್ನು ನಿಷೇಧಿಸುವ ಕಾಯ್ದೆ 1986ರದು. ಹೆಣ್ಣನ್ನು ಕೀಳಾಗಿ ತೋರಿಸುವ ದೃಶ್ಯಗಳು ಇರಬಾರದು ಎಂದು ಚಲನಚಿತ್ರ ಪ್ರಮಾಣೀಕರಣದ 1991ರ ಮಾರ್ಗಸೂಚಿ ಹೇಳುತ್ತದೆ. ಎರಡೂ ಕಣ್ಣಿಟ್ಟದ್ದು ಬಹುಮಟ್ಟಿಗೆ ಬಟ್ಟೆಯ ಅಳತೆಯ ಮೇಲೆ. ‘ಬೇಡ’ ಎಂದವಳನ್ನು ಕಾಲೇಜಿನಿಂದ ಮನೆಯವರೆಗೆ ಹಿಂಬಾಲಿಸಿ, ಕೈ ಕೊಯ್ದುಕೊಂಡು ಹೆದರಿಸಿ, ಕೊನೆಗೆ ಒಪ್ಪಿಸುವ ನಾಯಕ ಮೈತುಂಬ ಬಟ್ಟೆ ತೊಟ್ಟ ನಾಯಕಿಯ ಜೊತೆ ನಿರಾತಂಕವಾಗಿ ದಾಟಿಹೋದ. ಹೀಗೆ ಹಿಂಬಾಲಿಸುವುದೇ ಅಪರಾಧ ಎಂದು ಕಾನೂನು ಹೆಸರಿಟ್ಟು ಹೇಳಿದ್ದು 2013ರಲ್ಲಿ, 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ಬಳಿಕ. ಮೊದಲ ಸಲಕ್ಕೆ 3 ವರ್ಷದವರೆಗೆ, ಮರುಕಳಿಸಿದರೆ 5 ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೇ ಕಲಂ. ಬಸ್ ನಿಲ್ದಾಣ, ಚಿತ್ರಮಂದಿರ, ಉದ್ಯಾನಗಳಲ್ಲಿ ಮಫ್ತಿಯಲ್ಲಿ ಮಹಿಳಾ ಪೊಲೀಸರನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2012ರ ನವೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. 2023ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ನ್ಯಾಯಾಧೀಶರಿಗಾಗಿ ಕೈಪಿಡಿಯೊಂದನ್ನು ಹೊರತಂದು, ‘ಈವ್ ಟೀಸಿಂಗ್’ ಎನ್ನುವ ಬದಲು ‘ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ’ ಎಂಬ ಅರ್ಥದ ಮಾತು ಬಳಸಿ ಎಂದಿತು. ನಮ್ಮ ‘ಚುಡಾಯಿಸುವುದು’ ಆ ಹಳೆಯ ಮಾತಿನ ಒಡಹುಟ್ಟು.

ಪದ ಹಗುರವಾದರೆ ದೂರೂ ಹಗುರವಾಗುತ್ತದೆ. ಠಾಣೆಯವರೆಗೆ ಹೋಗುವ ಮಾತು ಹಾಗಿರಲಿ, ಮನೆಯಲ್ಲಿ ಹೇಳುವುದಕ್ಕೂ ಹುಡುಗಿಯರು ಹಿಂಜರಿಯುತ್ತಾರೆ. ಹೇಳಿದರೆ ಮೊದಲು ನಿಲ್ಲುವುದು ಅವರ ಓದು, ಬೆನ್ನಿಗೇ ಗಂಡು ಹುಡುಕುವ ಕೆಲಸ ಶುರು. ದಾವಣಗೆರೆಗೆ ಹತ್ತಿರದ ಹಳ್ಳಿಯಿಂದ ಪಿಯುಸಿಗೆ ಬರುವ ಹುಡುಗಿಯೊಬ್ಬಳು ನನಗೆ ಪರಿಚಯ. ಎಂಟೂವರೆಯ ಬಸ್ಸಿನಲ್ಲಿ ದಿನವೂ ಹಿಂದೆ ನಿಂತು ಮೈಗೆ ತಾಕುತ್ತಿದ್ದವನಿಂದ ತಪ್ಪಿಸಿಕೊಳ್ಳಲು ಅವಳು ಏಳು ಗಂಟೆಯ ಬಸ್ಸಿಗೆ ಬರತೊಡಗಿ ವರ್ಷವಾಗಿದೆ. ಕಾಲೇಜಿನ ಗೇಟು ತೆರೆಯುವವರೆಗೆ ಎದುರಿನ ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಓದುತ್ತಾಳೆ. ಬೆಳಗ್ಗೆ ಸ್ಪೆಷಲ್ ಕ್ಲಾಸ್ ಇದೆ ಎಂದು ಮನೆಯವರು ಇನ್ನೂ ನಂಬಿದ್ದಾರೆ.